ಸ್ನೇಹದ ಇಂಗ್ಲಿಷು, ಬಾಲಂಗೋಚಿ ಸಮೇತ

2024 ಆಗಸ್ಟ್ 18, ಭಾನುವಾರ
ಮೈಸೂರು

ಅಕ್ಕನ ಮಗಳು ಮುಂದಿನ ತಿಂಗಳು ಎಂ.ಎಸ್ಸಿ. ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಹೊರಡುತ್ತಾಳೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದೆ, ವ್ಯಾಕರಣವೂ ಗಟ್ಟಿ. ಆದರೆ ಅವಳ ಬಾಯಲ್ಲಿ ಜಗಳಕ್ಕೆ ‘ಕ್ವಾರಲ್’, ರಾಜಿಗೆ ‘ರಿಕನ್ಸೈಲ್’. ಹಾಸ್ಟೆಲಿನ ಅಡುಗೆಮನೆಯಲ್ಲಿ ಹೀಗೆ ಮಾತನಾಡಿದರೆ ಅರ್ಥವೇನೋ ಆಗುತ್ತದೆ, ಸಲಿಗೆ ಬೆಳೆಯುವುದಿಲ್ಲ. ಅಲ್ಲಿನ ಹುಡುಗರು ಸ್ನೇಹದ ಸಂಗತಿಗಳನ್ನೆಲ್ಲ ಗೆಟ್, ಫಾಲ್, ಮೇಕ್‌ನಂಥ ಪುಟ್ಟ ಕ್ರಿಯಾಪದಗಳಿಗೆ ಆನ್, ಔಟ್, ಅಪ್ ಎಂಬ ಬಾಲಂಗೋಚಿ ಕಟ್ಟಿಯೇ ಹೇಳುವುದು.

ಇವುಗಳನ್ನು ಅಕಾರಾದಿಯಾಗಿ ಉರು ಹೊಡೆಸುವ ಪುಸ್ತಕಗಳು ನನಗೆ ಸೇರುವುದಿಲ್ಲ. ಸಂಜೆ ಇಬ್ಬರೂ ಕುಳಿತು ಒಂದು ಗೆಳೆತನದ ಕಥೆಯನ್ನೇ ಹೆಣೆದೆವು. ಮೊದಲ ಭೇಟಿಯಲ್ಲೇ ಮನಸ್ಸು ಕೂಡಿದರೆ ‘ಹಿಟ್ ಇಟ್ ಆಫ್’. ದಿನ ಕಳೆದಂತೆ ಹಿಡಿಸಿದರೆ ‘ವಾರ್ಮ್ ಟು’. ಹೊಂದಿಕೊಂಡು ಹೋಗುವುದು ‘ಗೆಟ್ ಆನ್ ವಿತ್’, ಅಮೆರಿಕದವರಾದರೆ ‘ಗೆಟ್ ಅಲಾಂಗ್ ವಿತ್’ ಎನ್ನುತ್ತಾರೆ. ಸುಮ್ಮನೆ ಜೊತೆಗಿದ್ದು ಕಾಲ ಕಳೆಯುವುದು ‘ಹ್ಯಾಂಗ್ ಔಟ್’, ಮನಸ್ಸು ಬಿಚ್ಚಿ ಹೇಳಿಕೊಳ್ಳುವುದು ‘ಓಪನ್ ಅಪ್’. ಮುನಿಸು ಬಂದು ಮಾತು ಬಿಟ್ಟರೆ ‘ಫಾಲ್ ಔಟ್’. ಮತ್ತೆ ಒಂದಾದರೆ ‘ಮೇಕ್ ಅಪ್’ ಎಂದಾಗ ಅವಳು ನಕ್ಕಳು. ಮುಖಕ್ಕೆ ಹಚ್ಚಿಕೊಳ್ಳುವ ಮೇಕಪ್ಪೇ ಅವಳಿಗೆ ಗೊತ್ತಿದ್ದುದು.

“ಚಿಕ್ಕಮ್ಮ, ಸಹಪಾಠಿಯನ್ನು ಊಟಕ್ಕೆ ಮನೆಗೆ ಕರೆಯಬೇಕಾದರೆ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅದು ‘ಆಸ್ಕ್ ಓವರ್’. ಬಾಲಂಗೋಚಿ ಬದಲಾಗಿ ‘ಆಸ್ಕ್ ಔಟ್’ ಆಯಿತೋ, ಊಟದ ಕರೆ ಪ್ರೇಮದ ಕರೆಯಾಗುತ್ತದೆ. ‘ಚಾಟ್’ ಎಂದರೆ ಹರಟೆ, ‘ಚಾಟ್ ಅಪ್’ ಎಂದರೆ ಸರಸದ ಮಾತು. ಕಷ್ಟದಲ್ಲಿ ಜೊತೆ ನಿಂತವರು ‘ಸ್ಟ್ಯಾಂಡ್ ಬೈ’ ಮಾಡಿದವರು. ಬರುತ್ತೇನೆಂದು ಕಾಯಿಸಿ ಕೈಕೊಟ್ಟವರು ನಮ್ಮನ್ನು ‘ಸ್ಟ್ಯಾಂಡ್ ಅಪ್’ ಮಾಡಿದವರು. ಅದಕ್ಕೇ ‘ಫಾರ್’ ಸೇರಿದರೆ ನಮ್ಮ ಪರವಾಗಿ ವಾದಿಸಿದವರು!

ಪೆಚ್ಚಾಗಿ ಕುಳಿತವಳಿಗೆ ಸ್ಯಾಮ್ಯುಯೆಲ್ ಜಾನ್ಸನ್ನರ ಮಾತು ಹೇಳಿದೆ. 1755ರಲ್ಲಿ ಹೊರಬಂದ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಅವರು ‘ಫಾಲ್ ಇನ್’, ‘ಸೆಟ್ ಔಟ್’ನಂಥ ಮಾತುಗಳನ್ನು ಸಾಲಾಗಿ ಕೊಟ್ಟು, ಪರಭಾಷೆಯವರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಇವೇ ಎಂದಿದ್ದಾರೆ. ಅವಳ ಮುಖ ಸ್ವಲ್ಪ ಗೆಲುವಾಯಿತು.

ಪದಗಳ ಜಾಗವೊಂದು ಬಾಕಿ ಇದೆ. ‘ಆಸ್ಕ್ ಹರ್ ಓವರ್’ ಸರಿ, ‘ಆಸ್ಕ್ ಓವರ್ ಹರ್’ ತಪ್ಪು. ‘ಫಾಲ್ ಔಟ್ ವಿತ್ ಹರ್’ನಲ್ಲಾದರೋ ಆ ‘ಹರ್’ ಕೊನೆಗೇ ಬರಬೇಕು. ನಾಳೆ ಅದನ್ನು ಬಾಯಿಗೆ ರೂಢಿ ಮಾಡಿಸುತ್ತೇನೆ.