ಮಿರ್-214 ಮಣಿಸರ: ಎರಡನೇ ವಾರ

ಭಾನುವಾರ

ಮೊದಲ ಸರ ಮುಗಿಯಿತು. 22 ಮಣಿ, ಅಷ್ಟೇ. ಮಿರ್-214 ಅನ್ನುವ ಮೈಕ್ರೋಆರ್‌ಎನ್‌ಎ, ಅಂದರೆ ಜೀವಕೋಶದ ಪುಟ್ಟ ಆರ್‌ಎನ್‌ಎ ಎಳೆ, ಇರುವುದೇ ಅಷ್ಟುದ್ದ. ಎಳೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ: ಎ ಕೆಂಪು, ಜಿ ಹಸಿರು, ಸಿ ಹಳದಿ, ಯು ನೀಲಿ. ಪೋಣಿಸಿ ಎಣಿಸಿದರೆ 8 ಕೆಂಪು, 7 ಹಸಿರು, 6 ಹಳದಿ. ನೀಲಿ ಒಂದೇ ಒಂದು, ಅದೂ ಕಟ್ಟಕಡೆಗೆ. ಎಷ್ಟೋ ಸಲ ಓದಿದ್ದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಕೈಯಲ್ಲಿ ಹಿಡಿದ ಮೇಲೆ ಗೊತ್ತಾಯಿತು.

ಹೊಸದಾಗಿ ಓದುವವರಿಗೆ: ಜನವರಿಯಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.8 ಬಂತು. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. "ದಿನಾ ಹಾಲು ಕುಡೀತೀನಿ, ರಾಗಿ ತಿಂತೀನಿ, ಮತ್ತೆ ಯಾಕೋ ಹೀಗಾಯ್ತು?" ಅಂತ ಅಮ್ಮ ಕೇಳಿದ್ದು ತಲೆಯಲ್ಲೇ ಕೂತಿದೆ. ಸುಣ್ಣದಂಶ ಇದ್ದರೆ ಸಾಲದು, ಕಟ್ಟುವವರೂ ಬೇಕು ಅಂತ ಅವರಿಗೆ ತೋರಿಸಬೇಕು. ಅದಕ್ಕೇ ಈ ಮಣಿಗಳು.

ಮೂಳೆಯನ್ನು ಕರಗಿಸುವ ಜೀವಕೋಶ ಆಸ್ಟಿಯೋಕ್ಲಾಸ್ಟ್, ಕಟ್ಟುವುದು ಆಸ್ಟಿಯೋಬ್ಲಾಸ್ಟ್. ಕಟ್ಟುವ ಕೋಶಕ್ಕೆ ಎಟಿಎಫ್4 ಅನ್ನುವ ಪ್ರೋಟೀನ್ ಬೇಕು. ಮಿರ್-214ರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಎಟಿಎಫ್4 ಮಾಡು ಅಂತ ಹೊರಟ ಸಂದೇಶಕ್ಕೆ ಅದು ಅಂಟಿಕೊಂಡು ತಡೆಯುತ್ತದೆ. ಸಾಮಾನು ಬಂದಿದೆ, ಮೇಸ್ತ್ರಿಗೆ ಹೇಳಿಕಳಿಸಿದ ಮಾತು ಮಾತ್ರ ತಲುಪಲಿಲ್ಲ, ಹಾಗೆ.

ಬುಧವಾರ

ಇವತ್ತು ಎಟಿಎಫ್4 ಸಂದೇಶದ ತುಣುಕು, ಅದೂ ಇಂಥದೇ ಅಕ್ಷರಗಳ ಎಳೆ. ಅಂಟಿಕೊಳ್ಳುವಾಗ ಮುಖ್ಯವಾದದ್ದು ಮಿರ್-214ರ 2ರಿಂದ 8ರವರೆಗಿನ ಏಳು ಮಣಿ. ಅದನ್ನು ಸೀಡ್ ಅನ್ನುತ್ತಾರೆ: ಸಿ ಎ ಜಿ ಸಿ ಎ ಜಿ ಜಿ. ಇದಕ್ಕೆ ಪೂರ್ತಿ ಹೊಂದುವ ತುಣುಕು ಸಿ ಸಿ ಯು ಜಿ ಸಿ ಯು ಜಿ. ಪೋಣಿಸಿ ಪಕ್ಕದಲ್ಲಿಟ್ಟೆ. ಹೊಂದಲೇ ಇಲ್ಲ! ಎ ಎದುರು ಯು, ಜಿ ಎದುರು ಸಿ ಬರಬೇಕಲ್ವಾ? ಏಳರಲ್ಲಿ ನಡುವಿನದೊಂದೇ ಜೋಡಿ ಸರಿಯಿತ್ತು. ಒಂದು ಗಂಟೆ ಬಿಚ್ಚಿ ಪೋಣಿಸಿ ಮಾಡಿದೆ. ಕೊನೆಗೆ ಹೊಳೆಯಿತು, ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಮಲಗುತ್ತವೆ. ಸರವನ್ನು ತಿರುಗಿಸಿಟ್ಟೆ. ಏಳಕ್ಕೆ ಏಳೂ ಕೂತವು. ಆ ಕ್ಷಣ ತುಂಬಾ ಖುಷಿ ಕೊಟ್ಟಿತು.

ಶನಿವಾರ

ಬಟನ್ ಹಾಕುವ ಪುಟ್ಟ ಪಾರದರ್ಶಕ ಡಬ್ಬಿ ಸಿಕ್ಕಿತು. ಅದು ಎಕ್ಸೋಸೋಮ್, ಜೀವಕೋಶ ಹೊರಗೆ ಕಳಿಸುವ ಪುಟ್ಟ ಪೊಟ್ಟಣ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಅಚ್ಚರಿ ತಂದದ್ದು ಇದೇ. 2016ರಲ್ಲಿ ಬಂದ ಅಧ್ಯಯನದ ಪ್ರಕಾರ, ಕರಗಿಸುವ ಕೋಶವೇ ಮಿರ್-214ನ್ನು ಇಂಥ ಪೊಟ್ಟಣದಲ್ಲಿಟ್ಟು ಕಟ್ಟುವ ಕೋಶಕ್ಕೆ ಕಳಿಸುತ್ತದೆ. ತಾನು ಕೆಡವುವುದಲ್ಲದೆ ಪಕ್ಕದವನ ಕೈಯನ್ನೂ ಕಟ್ಟಿಹಾಕುತ್ತದೆ. ಮೂಳೆ ಮುರಿದ ವಯಸ್ಸಾದ ಹೆಂಗಸರ ರಕ್ತದಲ್ಲೂ ಈ ಪೊಟ್ಟಣಗಳ ಮಿರ್-214 ಜಾಸ್ತಿ ಕಂಡಿತ್ತು.

ಮಿರ್-214 ಮೂಳೆ ಕಟ್ಟುವುದನ್ನು ತಡೆಯುವುದು ಮೊದಲು ಕಂಡದ್ದು 2013ರಲ್ಲಿ, ಬೀಜಿಂಗ್‌ನ ಗಗನಯಾತ್ರಿಗಳ ತರಬೇತಿ ಕೇಂದ್ರದವರ ಕೆಲಸದಲ್ಲಿ. ಭಾರವಿಲ್ಲದ ಕಡೆ ಮೂಳೆ ಬೇಗ ಕರಗುತ್ತದೆ, ಅವರಿಗೆ ಅದೇ ಚಿಂತೆ. ಇಲಿಗಳ ಹಿಂಗಾಲಿಗೆ ಭಾರ ಬೀಳದ ಹಾಗೆ ಮಾಡಿ, ಮಿರ್-214ಕ್ಕೆ ಎದುರಾದ ಎಳೆಯೊಂದನ್ನು ಮೂಳೆ ಕಟ್ಟುವ ಕೋಶಗಳಿಗೇ ತಲುಪಿಸಿದರು. ಮೂಳೆ ಕಟ್ಟುವುದು ಸುಧಾರಿಸಿತು. ಇದು ಇಲಿಗಳ ಮಾತು. ಅಮ್ಮನ ವಾರದ ಮಾತ್ರೆ ಹಾಗೇ ನಡೆಯುತ್ತಿದೆ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ.

ಮುಂದಿನ ವಾರ ಆ ಎದುರು ಎಳೆ. ಬಣ್ಣ ಅದಲುಬದಲು: 8 ನೀಲಿ, 7 ಹಳದಿ, 6 ಹಸಿರು, 1 ಕೆಂಪು. ನೀಲಿ ಐದೇ ಉಳಿದಿವೆ. ಬ್ಯಾಂಡೇಜ್ ಬಿಚ್ಚಿದ ಕೈಯಿಂದ ಅಮ್ಮ ಇವತ್ತು ದಾರಕ್ಕೆ ಗಂಟು ಹಾಕಿದರು. "ಮಾರ್ಕೆಟ್‌ಗೆ ನಾನೂ ಬರ್ತೀನಿ ಕಣೋ, ಮಣಿ ನಾನು ಆರಿಸ್ತೀನಿ" ಅಂದಿದ್ದಾರೆ.