ಎರಡು ಕೊಳಗದ ಕ್ಲಾಸು

ಮ್ಯಾಗಜಿನ್ ಕಮಿಟಿ ಹುಡುಗಿ ವಾಟ್ಸಾಪ್‌ನಲ್ಲಿ "ಮೇಡಂ, ಕಾಲೇಜಿನ ನೆನಪು ಒಂದು ಬರ್ದುಕೊಡಿ, ಎರಡು ಪೇಜ್ ಸಾಕು" ಅಂತ ಮೆಸೇಜ್ ಹಾಕಿದ್ಲು. ಓದ್ತಿದ್ದ ಹಾಗೇ ತಲೆಗೆ ಬಂದಿದ್ದು ಭತ್ತ. ಹಿಸ್ಟರಿ ಕ್ಲಾಸಿನ ನೆಲದ ಮೇಲೆ ಹಳೇ ಪೇಪರ್ ಹಾಸಿ ಅದ್ರ ಮೇಲೆ ಸುರಿದಿದ್ದ ಭತ್ತ.

1994ನೇ ಇಸ್ವಿ, ನಾನಾಗ ಸೆಕೆಂಡ್ ಬಿಎ. ಸಿಲೆಬಸ್‌ನಲ್ಲಿ ಸಾಮಾಜಿಕ ಚಳವಳಿಗಳು ಅಂತ ಒಂದು ಚಾಪ್ಟರ್ ಇತ್ತು, ಚಳವಳಿಯ ಅರ್ಥ, ಲಕ್ಷಣ, ಹಂತಗಳು, ಹತ್ತು ಮಾರ್ಕ್ಸಿಗೆ ಗ್ಯಾರಂಟಿ ಪ್ರಶ್ನೆ. ನೋಟ್ಸ್ ಬರ್ಕೊಳ್ಳೋಕೆ ಪೆನ್ ಕ್ಯಾಪ್ ತೆಗೆದು ಕೂತಿದ್ವಿ. ಸರ್ ಬಂದವ್ರೇ, "ನಿಮ್ಮಲ್ಲಿ ಯಾರ ಮನೇಲಿ ಹಳೇ ಕೊಳಗ ಇದೆ?" ಅಂದ್ರು.

ಈಗಿನವ್ರಿಗೆ ಕೊಳಗ ಅಂದ್ರೆ ಗೊತ್ತೋ ಇಲ್ವೋ, ಭತ್ತ ಅಳೆಯೋ ಪಾತ್ರೆ ಕಣ್ರಪ್ಪ, ಸೇರಿಗಿಂತ ದೊಡ್ಡದು. ನಮ್ಮನೆ ಅಟ್ಟದ ಮೇಲೆ ಒಂದಿತ್ತು, ಅಜ್ಜಿ ಅದ್ರಲ್ಲಿ ಬೀಜದ ಸೌತೆಕಾಯಿ ತುಂಬಿಟ್ಟಿದ್ರು. ಇನ್ನೊಂದು ತಂದಿದ್ದು ನಮ್ಮ ಕ್ಲಾಸ್‌ಮೇಟ್ ಹುಡುಗ. ಅವ್ರದ್ದು ಒಡೆಯರ ಮನೆ, ಅಂದ್ರೆ ಒಂದು ಕಾಲದಲ್ಲಿ ಗದ್ದೆನೆಲ್ಲ ಗೇಣಿಗೆ (ಭತ್ತದ ಬಾಡಿಗೆಗೆ) ಕೊಟ್ಟಿದ್ದವ್ರು. ಹಿತ್ತಾಳೆ ಪಟ್ಟಿ ಹೊಡೆದ ಮರದ ಕೊಳಗ, ನೋಡೋಕೆ ಎಷ್ಟ್ ಚಂದ ಇತ್ತು ಅಂದ್ರೆ ಹುಡುಗಿಯರೆಲ್ಲ ಮುಟ್ಟಿ ಮುಟ್ಟಿ ನೋಡಿದ್ವಿ.

ಸರ್ ಅದಕ್ಕೆ ಭತ್ತ ತುಂಬಿಸಿದ್ರು. ಆಮೇಲೆ ಅದನ್ನ ನಮ್ಮನೆ ಕೊಳಗಕ್ಕೆ ಸುರಿಯೋಕೆ ಹೇಳಿದ್ರು. ನಮ್ಮದು ತುಂಬ್ತು, ಕಂಠದವರೆಗೆ ಬಂತು, ಗೋಪುರ ಆಯ್ತು, ಜಾರಿ ಪೇಪರ್ ಮೇಲೆ ಬೀಳೋಕೆ ಶುರುವಾಯ್ತು, ದೊಡ್ಡ ಕೊಳಗದ ತಳದಲ್ಲಿ ಇನ್ನೂ ಭತ್ತ ಇತ್ತು. ಯಾರೂ ಮಾತಾಡ್ಲಿಲ್ಲ. ಹಿಂದಿನ ಬೆಂಚಿನ ಒಬ್ಬ ಮಾತ್ರ "ಇದು ಬಡ್ಡಿನಾ ಸಾರ್?" ಅಂದ. ಸರ್ ನಗಲಿಲ್ಲ. "ಇದೇ ಕಾಗೋಡು ಸತ್ಯಾಗ್ರಹ, ಬರ್ಕೊಳಿ" ಅಂದ್ರು.

ಕಾಗೋಡು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಒಂದು ಹಳ್ಳಿ, ನಮ್ಮ ಕಾಲೇಜಿಂದ ಬಸ್ಸಲ್ಲಿ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬರೋ ದೂರ. ಅಂಥ ಊರಲ್ಲಿ ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ಆಗೋ ಹೊತ್ತಿಗೆ, 1951ರಲ್ಲಿ, ದೇಶನೇ ತಿರುಗಿ ನೋಡೋ ಅಂಥದ್ದು ನಡೀತು ಅನ್ನೋದು ಅಲ್ಲೀವರೆಗೆ ನಂಗೆ ಗೊತ್ತೇ ಇರ್ಲಿಲ್ಲ. ಗೇಣಿದಾರರು ಹೆಚ್ಚಿನವ್ರು ದೀವರು ಅನ್ನೋ ಸಮುದಾಯದವ್ರು. ಗೇಣಿ ಅಳೆಯೋ ಒಡೆಯರ ಕೊಳಗ ಎಲ್ಲರು ಬಳಸೋ ಕೊಳಗಕ್ಕಿಂತ ದೊಡ್ಡದು, ಅದನ್ನ ಸರಿ ಮಾಡಿ, ಕೊಟ್ಟ ಗೇಣಿಗೆ ರಶೀದಿ ಕೊಡಿ, ಬಿಟ್ಟಿ ಚಾಕರಿ ನಿಲ್ಲಿಸಿ, ಕೇಳಿದ್ದು ಇಷ್ಟೇ. ಭೂಮಿ ಕೊಡಿ ಅಂತ ಶುರುವಾದದ್ದಲ್ಲ ಅದು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಊರೂರು ತಿರುಗಿದ್ರು. ಒಡೆಯರು ನಿಮಗೆ ಗದ್ದೇನೇ ಕೊಡಲ್ಲ ಅಂದಾಗ ಜನ ನೇಗಿಲು ತಗೊಂಡು ಗದ್ದೆಗೆ ಇಳಿದ್ರು, ಇಳಿದವ್ರನ್ನ ಪೊಲೀಸ್ರು ಎತ್ತಾಕ್ಕೊಂಡು ಹೋದ್ರು, ಮಾರನೇ ದಿನ ಇನ್ನೊಂದು ಗುಂಪು ಇಳೀತು. ಶಾಂತವೇರಿ ಗೋಪಾಲಗೌಡ್ರು, ಸಮಾಜವಾದಿ ಪಕ್ಷದವ್ರು ಜೊತೆಗೆ ನಿಂತ್ರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಅರೆಸ್ಟ್ ಆದ್ರು.

ಆ ಶನಿವಾರ ಮನೆಗೆ ಹೋದಾಗ ಅಜ್ಜಿ ಹತ್ರ ಕೇಳಿದೆ. ಅಜ್ಜ ತೀರ್ಕೊಂಡು ಆಗ್ಲೇ ಮೂರು ವರ್ಷ ಆಗಿತ್ತು. ಅಜ್ಜಿ ಅಡಿಕೆ ಕತ್ತರಿಸ್ತಾ, ತಲೆನೂ ಎತ್ತದೆ, "ನಿಮ್ಮಜ್ಜನೂ ಹೋಗಿದ್ರು ಮಾರಾಯ್ತಿ, ಹನ್ನೆರಡು ದಿನ ಜೈಲಲ್ಲಿದ್ರು" ಅಂದ್ಬಿಟ್ರು. ನಂಗೆ ಹತ್ತೊಂಬತ್ತು ವರ್ಷ ಆಗಿತ್ತು, ಮನೇಲಿ ಒಬ್ಬರೂ ಹೇಳಿರ್ಲಿಲ್ಲ! ಯಾಕೆ ಹೇಳಿಲ್ಲ ಅಂದ್ರೆ, "ಹೇಳೋಕೆ ಎಂತ ಇತ್ತು, ಬರೋದ್ರೊಳಗೆ ಗದ್ದೆ ಹೋಗಿತ್ತು" ಅಂದ್ರು.

ಗದ್ದೆ ಹೋಗಿತ್ತು. ಈ ಭಾಗ ಟೆಕ್ಸ್ಟ್ ಬುಕ್ಕಲ್ಲಿ ಇರ್ಲಿಲ್ಲ. ಸತ್ಯಾಗ್ರಹಕ್ಕೆ ಹೋದವ್ರ ಗದ್ದೆನ ಒಡೆಯರು ಬೇರೆಯವ್ರಿಗೆ ಕೊಟ್ರು. ಅಜ್ಜ ಕೂಲಿಗೆ ಹೋದ್ರು, ನಾಲ್ಕೈದು ವರ್ಷ ಆದ್ಮೇಲೆ ಬೇರೆ ಊರಲ್ಲಿ ಬೇರೆ ಒಡೆಯರ ಹತ್ರ ಒಂದು ಎಕರೆ ಚಿಲ್ಲರೆ ಗದ್ದೆ ಗೇಣಿಗೆ ಹಿಡಿದ್ರು. ಅಂದ್ರೆ ನಮ್ಮಜ್ಜನ ಲೆಕ್ಕದಲ್ಲಿ ಚಳವಳಿ ಸೋತಿತ್ತು.

ಸರ್ ಹತ್ರ ಹೋಗಿ ಇದನ್ನೇ ಹೇಳಿದೆ, ಸ್ವಲ್ಪ ಸಿಟ್ಟಲ್ಲೇ ಹೇಳಿದೆ. ಅವ್ರು "ಸೋತಿಲ್ಲ" ಅಂದು ಬೋರ್ಡ್ ಮೇಲೆ ನಾಲ್ಕು ಇಸ್ವಿ ಬರೆದ್ರು, 1951, 1952, 1961, 1974. 1952ರಲ್ಲಿ ಗೋಪಾಲಗೌಡ್ರು ಇದೇ ಸಾಗರ, ಹೊಸನಗರ ಕಡೆಯಿಂದ ಗೆದ್ದು ಅಸೆಂಬ್ಲಿಗೆ ಹೋದ್ರು, ಗೇಣಿ ಮಾತು ಅಲ್ಲಿಗೂ ಹೋಯ್ತು. 1961ರಲ್ಲಿ ಭೂಸುಧಾರಣಾ ಕಾಯ್ದೆ ಆಯ್ತು, ಆದ್ರೆ ಜಾರಿಗೆ ಬಂದಿದ್ದು 1965ರಲ್ಲಿ, ಅದ್ರಲ್ಲೂ ತೂತು ಜಾಸ್ತಿ. ಮುಖ್ಯಮಂತ್ರಿ ದೇವರಾಜ ಅರಸು ತಂದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯ್ತು ನೋಡಿ, ಗೇಣಿ ಭೂಮಿಯೆಲ್ಲ ಸರ್ಕಾರದ್ದು, ಉಳೋರು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಿ ಅಂತ. ಇಪ್ಪತ್ಮೂರು ವರ್ಷ! ಆ ಹೊತ್ತಿಗೆ ಗೋಪಾಲಗೌಡ್ರೇ ಇರ್ಲಿಲ್ಲ, 1972ರಲ್ಲಿ ತೀರ್ಕೊಂಡಿದ್ರು.

ನಮ್ಮ ಕಡೆ ಜನ ಆ ಅರ್ಜಿ ಹಾಕೋದನ್ನ "ಡಿಕ್ಲರೇಷನ್ ಕೊಡೋದು" ಅಂತಿದ್ರು. ಅಜ್ಜ ಡಿಕ್ಲರೇಷನ್ ಕೊಟ್ಟ ಕಥೆ ಅಜ್ಜಿ ಬಾಯಲ್ಲಿ ಕೇಳ್ಬೇಕಿತ್ತು. ಗೇಣಿ ಚೀಟಿ ಅಂತ ಒಂದೂ ಇಲ್ಲ, ಎಲ್ಲಾ ಬಾಯಿ ಮಾತು. ಒಡೆಯರ ಕಡೆಯವ್ರು ಬಂದು ಇವ ಗೇಣಿದಾರನಲ್ಲ, ಕೂಲಿ ಆಳು ಅಂದ್ರಂತೆ. ಅರ್ಜಿ ವಿಚಾರಣೆ ಮಾಡೋ ಭೂ ಟ್ರಿಬ್ಯೂನಲ್ ಮುಂದೆ ಆಗ ವಕೀಲರು ನಿಲ್ಲೋ ಹಾಗಿರ್ಲಿಲ್ಲ, ಅವ್ರವ್ರ ಮಾತು ಅವ್ರವ್ರೇ ಆಡ್ಬೇಕು. ಮೆಂಬರ್ ಒಬ್ರು ಗದ್ದೆ ಚಕ್ಕುಬಂದಿ ಹೇಳು ಅಂದಾಗ ಅಜ್ಜ ಪೂರ್ವಕ್ಕೆ ಯಾರದ್ದು, ಪಶ್ಚಿಮಕ್ಕೆ ಹಳ್ಳ, ಬದುವಿನ ಮೇಲೆ ಎಷ್ಟು ಮತ್ತಿ ಮರ, ಯಾವ ಮೂಲೇಲಿ ಮಳೆಗಾಲದಲ್ಲಿ ಏಡಿ ತೂತು ಮಾಡುತ್ತೆ, ಎಲ್ಲಾ ಹೇಳಿದ್ರಂತೆ. ಅದೇ ಪ್ರಶ್ನೆ ಒಡೆಯರ ಕಡೆಯವ್ರಿಗೆ ಕೇಳಿದ್ರೆ ಸರ್ವೇ ನಂಬರ್ ಬಿಟ್ಟು ಮುಂದೆ ಮಾತಿಲ್ಲ.

ಮೊಣಕಾಲು ಕೆಳಗೆ ಪಂಚೆ ಬಿಟ್ಕೊಂಡು ಒಡೆಯರ ಅಂಗಳ ದಾಟೋ ಹಾಗಿರ್ಲಿಲ್ಲ ಅಂತಿದ್ದ ಮನುಷ್ಯ, ಒಡೆಯರು ಎದುರಿಗೆ ಕೂತಿರುವಾಗ ಅಷ್ಟು ಮಾತಾಡಿದ್ದು ಹೇಗೆ ಅಂತ ನಾನು ಈಗ್ಲೂ ಯೋಚಿಸ್ತೀನಿ. ಅದೇ ಊರಲ್ಲಿ, ಒಡೆಯರ ಮುಖ ನೋಡ್ಬೇಕಲ್ಲ ಅಂತ ಅರ್ಜಿನೇ ಹಾಕದೆ ಬಿಟ್ಟವ್ರೂ ಇದ್ರು. ಕಾನೂನು ಇಬ್ರಿಗೂ ಒಂದೇ. ಅಜ್ಜಂಗೆ ಮಾತ್ರ ಹನ್ನೆರಡು ದಿನದ ಜೈಲು ಆಗ್ಲೇ ಆಗೋಗಿತ್ತು, ಇನ್ನೇನು ಮಾಡ್ತಾರೆ ಅನ್ನೋ ಲೆಕ್ಕ. 1951 ಸೋತಿಲ್ಲ ಅಂತ ಸರ್ ಹೇಳ್ದಾಗ ಒಪ್ಪದವ್ಳು ಈ ಕಥೆ ಕೇಳಿದ್ಮೇಲೆ ಒಪ್ಪಿದೆ.

ಗದ್ದೆ ಅಜ್ಜಂದೇ ಅಂತ ಸಿಕ್ಕ ಹಕ್ಕುಪತ್ರ, ಫಾರಂ 10, ನಮ್ಮನೆ ಟ್ರಂಕಲ್ಲಿ ಪ್ಲಾಸ್ಟಿಕ್ ಕವರ್ ಒಳಗಿದೆ, 1 ಎಕರೆ 12 ಗುಂಟೆ. ಹೆಸರು ಅಜ್ಜಂದು ಒಂದೇ. ಅಜ್ಜ ಜೈಲಲ್ಲಿದ್ದಾಗ ಮನೆ ನಡೆಸಿದ್ದು, ಸಸಿ ಕಿತ್ತು ನೆಟ್ಟಿದ್ದು, ಕೊಯ್ದಿದ್ದು ಅಜ್ಜಿ, ಪೇಪರಲ್ಲಿ ಎಲ್ಲೂ ಇಲ್ಲ. "ನಿಂಗೆ ಬೇಜಾರಾಗ್ಲಿಲ್ವಾ ಅಜ್ಜಿ" ಅಂದ್ರೆ, "ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಚಿತ್ತಾರ ಬರೆಯೋಳು ನಾನು, ಗದ್ದೆಗೆ ಗೊತ್ತುಂಟು ಬಿಡು" ಅಂದ್ರು. ಗದ್ದೆಗೆ ಪೂಜೆ ಮಾಡೋ ಹಬ್ಬಕ್ಕೆ ಎಡೆ ಒಯ್ಯೋ ಬುಟ್ಟಿ ಅದು. ನಂಗದು ಸಮಾಧಾನ ಕೊಡ್ಲಿಲ್ಲ, ಈಗ್ಲೂ ಕೊಡಲ್ಲ. ಗೇಣಿ ಗದ್ದೆನೂ ಇಲ್ಲದೆ ಬರೀ ಕೂಲಿ ಮಾಡ್ಕೊಂಡಿದ್ದ ಕೇರಿಯವ್ರಿಗೆ ಡಿಕ್ಲರೇಷನ್‌ನಿಂದ ಸಿಕ್ಕಿದ್ದೂ ಏನಿಲ್ಲ, ಉಳುವವನೇ ಒಡೆಯ ಅಂದ್ರು, ಉಳೋಕೂ ಗದ್ದೆ ಇಲ್ಲದವ್ರು ಹಾಗೇ ಉಳಿದ್ರು.

ಮತ್ತೆ ದೊಡ್ಡ ಕೊಳಗ ತಂದಿದ್ದ ಆ ಹುಡುಗ. ಕೊಳಗದ ಕ್ಲಾಸ್ ಆದ್ಮೇಲೆ ಒಂದು ವಾರ ಯಾರ ಜೊತೆನೂ ಸರಿ ಮಾತಾಡ್ಲಿಲ್ಲ. ಒಂದಿನ ಬಸ್ ಸ್ಟ್ಯಾಂಡಲ್ಲಿ ಬಂದು, ಅವ್ರ ದೊಡ್ಡತ್ತೆ ಗಂಡ ಸತ್ತು ಎರಡೆಕರೆ ಗೇಣಿ ನಂಬ್ಕೊಂಡಿದ್ರು, ಅದೂ ಹೋಯ್ತು ಅಂದ. ಅವ್ನು ಹೇಳಿದ್ದೂ ಸುಳ್ಳಲ್ಲ, ಸಣ್ಣ ಒಡೆಯರು ಬಹಳ ಜನ ಹಾಗೇ ಕಳ್ಕೊಂಡ್ರು. ಏನ್ ಹೇಳೋದು ಗೊತ್ತಾಗದೆ ಶೇಂಗಾ ಪೊಟ್ಟಣ ಮುಂದೆ ಹಿಡಿದೆ, ತಗೊಂಡ. ಈಗ ಇಬ್ರೂ ಬೆಂಗಳೂರಲ್ಲೇ ಇದೀವಿ. 2020ರಲ್ಲಿ ತಿದ್ದುಪಡಿ ಆಗಿ ಕೃಷಿಕರಲ್ಲದವ್ರೂ ಜಮೀನು ತಗೋಬಹುದು ಅಂತ ಆದಾಗ ಅವ್ನೇ ಫೋನ್ ಮಾಡಿದ್ದ, ನಿಮ್ಮಜ್ಜ ಇದ್ದಿದ್ರೆ ಏನಂತಿದ್ರು ಅಂತ.

ನಮ್ಮನೆ ಕೊಳಗ ಅವತ್ತೇ ವಾಪಸ್ ತಗೊಂಡು ಹೋದೆ, ಅಜ್ಜಿಗೆ ಸೌತೆಕಾಯಿ ಇಡೋಕೆ ಬೇಕಿತ್ತು. ಅವ್ರ ಮನೇದು ಡಿಪಾರ್ಟ್‌ಮೆಂಟಲ್ಲೇ ಉಳೀತು, ನಾವು ಫೈನಲ್ ಇಯರ್ ಮುಗಿಸೋವಾಗ ಸರ್ ಅದ್ರಲ್ಲಿ ಡಸ್ಟರು, ಚಾಕ್‌ಪೀಸು ಹಾಕಿಟ್ಟಿದ್ರು. ಕಮಿಟಿಯವ್ರೇ, ಇನ್ನೂ ಇದ್ರೆ ಒಂದು ಫೋಟೋ ತೆಗೆದು ಕಳಿಸಿ. ಮೊನ್ನೆ ಅವ್ನಿಗೆ ಫೋನ್ ಮಾಡಿ ವಾಪಸ್ ಬೇಕೇನೋ ಅಂತ ಕೇಳ್ದೆ, ಅಲ್ಲೇ ಇರ್ಲಿ ಬಿಡೆ ಅಂದ.