ಅವನು ಬೇಡವೆಂದರೂ ವಿಚ್ಛೇದನ ಹೇಗೆ ಸಿಕ್ಕಿತು?

“ಧರ್ಮಕ್ಕೆ ವಿರುದ್ಧ ಎಂದು ಗಂಡ ಒಪ್ಪಲೇ ಇಲ್ಲವಂತೆ. ಆದರೂ ನಿನಗೆ ವಿಚ್ಛೇದನ ಹೇಗೆ ಸಿಕ್ಕಿತು? ಕ್ಯಾಥೊಲಿಕರಲ್ಲಿ ಅದು ಇಲ್ಲವಲ್ಲ?”

ಏಳು ವರ್ಷಗಳಿಂದ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಸಿಕ್ಕಿದ್ದು ಕಾನೂನಿನಿಂದ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಿದೆ. ಹಿಂದೆ ಗಂಡಸು ಹೆಂಡತಿಯ ವ್ಯಭಿಚಾರವೊಂದನ್ನು ರುಜುವಾತು ಮಾಡಿದರೆ ಸಾಕಿತ್ತು. ಹೆಂಗಸು ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತೊರೆದು ಹೋದದ್ದನ್ನೋ ತೋರಿಸಬೇಕಿತ್ತು. 2001ರ ತಿದ್ದುಪಡಿಯ ನಂತರ ಕ್ರೌರ್ಯವೊಂದೇ ಸಾಕು, ಇಬ್ಬರಿಗೂ ಒಂದೇ ನಿಯಮ. ಮದುವೆ ಅಸಿಂಧುವೇ ಎಂದು ತೀರ್ಮಾನಿಸುವ ಇಗರ್ಜಿಯ (ಚರ್ಚಿನ) ನ್ಯಾಯಮಂಡಳಿ ಬೇರೆ, ವಿಚ್ಛೇದನ ಕೊಡುವ ಕೋರ್ಟು ಬೇರೆ. ಇಗರ್ಜಿಯ ತೀರ್ಪಿಗೂ ಕಾನೂನಿನ ಮಾನ್ಯತೆ ಕೊಡಿ ಎಂದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವರೇ ಆದ ಕ್ಲಾರೆನ್ಸ್ ಪಾಯ್ಸ್ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು. ಕ್ರೌರ್ಯವನ್ನು ರುಜುವಾತು ಮಾಡಿ ಪಡೆಯುವ ವಿಚ್ಛೇದನಕ್ಕೆ ಗಂಡ ಒಪ್ಪಬೇಕೆಂದು ಎಲ್ಲಿಯೂ ಇಲ್ಲ.

ಇಷ್ಟೇ ಆಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಬರುವುದು ಆ ‘ಆದರೂ’ ಎಂಬ ಮಾತಿಗೆ.

ಒಂದು ಮೊಂತಿ ಹಬ್ಬದ ದಿನ, ಸೆಪ್ಟೆಂಬರ್ 8. ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬವೂ ಹೌದು. ಇಗರ್ಜಿಯಿಂದ ತಂದ ತೆನೆಯ ಹಸಿ ಕಾಳನ್ನು ಉಗುರಿನಿಂದ ಸುಲಿದು ಹಾಲಿಗೆ ಹಾಕುತ್ತಿದ್ದೆ. ಅಮ್ಮನ ತಂಗಿ, ನಾವು ಮಾವ್ಶಿ ಎನ್ನುತ್ತೇವೆ, ಬಾಳೆಲೆ ಒರೆಸುತ್ತಾ ಹೇಳಿದರು: “ಅಂಥ ದೈವಭಕ್ತ ಬೇಡವೆಂದನಲ್ಲ ಬಾಯ್. ಆದರೂ ನೀನು ಕೋರ್ಟಿಗೆ ಹೋದೆ.” ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅಂದರೆ ಭಕ್ತಿಯೆಲ್ಲ ಅವನ ಪಾಲಿಗೆ, ಕೋರ್ಟು ನನ್ನ ಪಾಲಿಗೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರ ಸಹಿಯೂ ಬೇಕು. “ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು, ಸಹಿ ಹಾಕಿದರೆ ನನಗೆ ಪಾಪ” ಎಂದ. ಅವನು ಮನಸ್ಸಿನಿಂದಲೇ ಹಾಗೆ ನಂಬಿದ್ದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಒಂದು ಸಹಿ ಇಲ್ಲದ್ದರಿಂದ ನನಗೆ ಉಳಿದದ್ದು ಕ್ರೌರ್ಯವನ್ನು ರುಜುವಾತು ಮಾಡುವ ದಾರಿ ಮಾತ್ರ. ಯಾರಿಗೂ ಹೇಳಬಾರದೆಂದುಕೊಂಡಿದ್ದನ್ನೆಲ್ಲ ಅಪರಿಚಿತರ ಮುಂದೆ ಹೇಳಿದೆ. ಆ ರಾತ್ರಿ ಬಾಗಿಲನ್ನು ಒಳಗಿನಿಂದ ಹಾಕಿತ್ತೇ, ಹೊರಗಿನಿಂದಲೇ ಎಂದು ಅವನ ವಕೀಲರು ನಾಲ್ಕು ಸಲ ಕೇಳಿದರು. ಹೊರಗಿನಿಂದ ಎಂದು ನಾಲ್ಕು ಸಲ ಹೇಳಿದೆ. ಬೆರಳಚ್ಚು ಮಾಡುತ್ತಿದ್ದ ಹುಡುಗಿ ತಲೆಯೆತ್ತಿ, “ಚಿಲಕ ಎಂದು ಬರೆಯಲೇ, ಬೀಗ ಎಂದೇ?” ಎಂದಳು. ಚಿಲಕ ಎಂದೆ.

ಅವನ ಆತ್ಮಸಾಕ್ಷಿಗೆ ಬೆಲೆ ತೆತ್ತವಳು ನಾನು. ಇದನ್ನು ಯಾರೂ ಕೇಳುವುದಿಲ್ಲ.

“ನಿನ್ನ ವಿಶ್ವಾಸ ಏನಾಯಿತು?” ಎಂದೂ ಯಾರೂ ಕೇಳಿಲ್ಲ. ಕೇಳಿದ್ದರೆ ಕೂರಿಸಿಕೊಂಡು ಹೇಳುತ್ತಿದ್ದೆ. ತೀರ್ಪು ಬಂದ ಮೇಲೆ ಎರಡು ಭಾನುವಾರ, ಪೂಜೆಯಲ್ಲಿ ಕೊಡುವ ಪರಮಪ್ರಸಾದದ (ಕಮ್ಯುನಿಯನ್) ಸಾಲಿಗೆ ಹೋಗದೆ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಮೂರನೆಯ ವಾರ ಧರ್ಮಗುರುಗಳನ್ನು ಕೇಳಿದೆ. ಕಾನೂನಿನ ಹಕ್ಕುಗಳನ್ನೋ ಮಕ್ಕಳ ಪಾಲನೆಯನ್ನೋ ಕಾಪಾಡಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದರೆ ಕೋರ್ಟಿನ ವಿಚ್ಛೇದನ ಪಾಪವಲ್ಲ ಎಂದು ಕ್ಯಾಥೊಲಿಕ್ ಧರ್ಮೋಪದೇಶವೇ ಹೇಳುತ್ತದೆ ಎಂದರು. ಮರುಮದುವೆಯಾಗದವಳಿಗೆ ಪರಮಪ್ರಸಾದಕ್ಕೆ ಯಾವ ಅಡ್ಡಿಯೂ ಇಲ್ಲ ಎಂದರು. ಈಗಲೂ ಗಾಯನ ಬಳಗದಲ್ಲಿ ಹಾಡುತ್ತೇನೆ. ನಾನು ಸಾಲಿನಲ್ಲಿ ನಿಂತಾಗ ತಿರುಗಿ ನೋಡುವವರು ಇದನ್ನು ತಿಳಿದುಕೊಳ್ಳಲಿ.

ಇಗರ್ಜಿಯ ಲೆಕ್ಕದಲ್ಲಿ ನಾನಿನ್ನೂ ಮದುವೆಯಾದವಳೇ. “ಮದುವೆಯೇ ಅಸಿಂಧು ಎಂದು ಇಗರ್ಜಿಯ ನ್ಯಾಯಮಂಡಳಿಗೆ ಅರ್ಜಿ ಹಾಕು, 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಸುಲಭ ಮಾಡಿದ್ದಾರೆ” ಎಂದು ಈಗ ಮಾವ್ಶಿಯೇ ಹೇಳುತ್ತಾರೆ. ಅದು ಹಲವರಿಗೆ ನ್ಯಾಯವಾದ ದಾರಿ. ನಾನು ಮಾತ್ರ ಹಾಕುವುದಿಲ್ಲ. ಆ ಮದುವೆ ಮೊದಲಿಂದಲೂ ಮದುವೆಯೇ ಆಗಿರಲಿಲ್ಲ ಎಂದು ನನ್ನ ಬಾಯಿಂದ ಬರುವುದಿಲ್ಲ. ಪೀಠದ ಮುಂದೆ ಹೂಂ ಎಂದಾಗ ನನ್ನ ವಯಸ್ಸು ಇಪ್ಪತ್ತಾರು, ಯಾರ ಒತ್ತಾಯವೂ ಇರಲಿಲ್ಲ, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆ ದಿನ ಕಟ್ಟಿಸಿಕೊಂಡ ಕರಿಮಣಿ ಕಪಾಟಿನಲ್ಲಿ ಬಿಳಿಯ ಕರವಸ್ತ್ರದಲ್ಲಿ ಸುತ್ತಿಟ್ಟಿದೆ. ಅದನ್ನು ಹಾಕಿಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ.